ಆಯಿಯ ಮೋಡಿ, ನನ್ನ ದುಂಡಕ್ಷರ

ಹೋದ ವಾರ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಅಂಗಡಿಯಲ್ಲಿ ಮೊಮ್ಮಗಳಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಳ್ಳುತ್ತಿದ್ದೆ. ಹೊಸ ಪುಸ್ತಕ ತೆರೆದಾಗ ಬರುವ ವಾಸನೆಗೆ, ನಿವೃತ್ತಳಾದ ಮೇಲೂ, ನನ್ನ ಮೂಗು ತಾನಾಗಿ ಬಗ್ಗುತ್ತದೆ. "ಬಿಡಿಸಿ ಬರಿಯೂದು ಕೊಡ್ಲ್ಯೋ, ಕೂಡಿಸಿ ಬರಿಯೂದು ಕೊಡ್ಲ್ಯೋ, ಅಕ್ಕಾರ?" ಎಂದು ಅಂಗಡಿಯವ ಕೇಳಿದ. ಆತ ಕೇಳಿದ್ದು ಇಂಗ್ಲಿಷ್ ಅಕ್ಷರದ ಮಾತು. ನನಗೆ ಮಾತ್ರ ನಾನು ಮೊದಲು ಕೆಲಸ ಮಾಡಿದ ಕಳ್ಳಕವಟಗಿ ಊರಿನ, ನನ್ನ ಪಕ್ಕದ ಮನೆಯ ಆಯಿ ಕಣ್ಣ ಮುಂದೆ ಬಂದು ಕುಳಿತಳು...

ಆಗ ನಾನು ಶಾಲೆಗೆ ಹೊಸದಾಗಿ ಸೇರಿ, ಒಂದನೆಯ ಇಯತ್ತೆಯ ಮಕ್ಕಳಿಗೆ ಕಲಿಸುತ್ತಿದ್ದ ಅಕ್ಕೋರು. ನನ್ನ ದುಂಡಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ನಾಲ್ಕು ಜನ ಹೇಳಿದ್ದರು, ನಾನು ನಂಬಿಯೂ ಬಿಟ್ಟಿದ್ದೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಾಖಂಡಕಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಆಕೆಯ ತಂದೆ ಮನೆಯಲ್ಲೇ ಮೋಡಿ ಕಲಿಸಿದ್ದರಂತೆ. ಕನ್ನಡವನ್ನೇ ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೈ ಎತ್ತದೆ ಬರೆಯುವ ಹಳೆಯ ಬರವಣಿಗೆ ಅದು. ಅಚ್ಚಿನ ಅಕ್ಷರವನ್ನು ಆಯಿ ತಡವರಿಸಿ ಓದುತ್ತಿದ್ದಳು, ಬರೆಯಲು ಮಾತ್ರ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿ ಬಡಿದು, ಕೈ ತೊಳೆದು, ಕಟ್ಟೆಯ ಮೇಲೆ ಕುಳಿತು ಮಗಳಿಗೆ ಕಾರ್ಡು ಬರೆಯುತ್ತಿದ್ದಳು. ಪೆನ್ನು ಕಾರ್ಡಿಗೆ ತಾಗಿದ್ದೇ ತಡ, ಸಾಲು ಮುಗಿಯುವತನಕ ಮೇಲೇಳಲಿಲ್ಲ. ನಾನು ನಿಂತೇ ಬಿಟ್ಟೆ. ನಾನು ಎರಡು ಅಕ್ಷರ ತಿದ್ದುವಷ್ಟರಲ್ಲಿ ಆಕೆಯ ಒಂದು ಸಾಲು ಮುಗಿದಿರುತ್ತಿತ್ತು. ಬರೆಯುವುದು ಇಷ್ಟು ಚೆಂದದ ಕೆಲಸ ಎಂದು ಟಿ.ಸಿ.ಎಚ್. ತರಬೇತಿ ಮಾಡಿದ ನನಗೆ ಅಂದೇ ಗೊತ್ತಾದದ್ದು. ಸುಳ್ಳೇಕೆ ಹೇಳಲಿ, ತುಸು ಹೊಟ್ಟೆಕಿಚ್ಚೂ ಆಯಿತು.

ಆಯಿಯ ಮಗಳನ್ನು ಹಾವೇರಿಯ ಕಡೆ ಕೊಟ್ಟಿದ್ದರು. ಮಗಳು ಶಾಲೆ ಕಲಿತವಳು, ಮೋಡಿ ತಿಳಿಯದು. ಅಲ್ಲಿ ಆಕೆಯ ಮಾವ ಒಬ್ಬರಿಗೇ ಮೋಡಿ ಬರುತ್ತಿತ್ತು, ಅವರೇ ಕಾರ್ಡು ಓದಿ ಹೇಳುತ್ತಿದ್ದರು. ಮಗಳು ಚೊಚ್ಚಲ ಬಸುರಿ. ಆಯಿ ಆ ಕಾರ್ಡಿನಲ್ಲಿ ಬರೆದದ್ದು, "ನಮ್ಮಲ್ಲೇ ಹೆರಿಗಿ ಆಗ್ಲಿ, ಬಾ." ಅವಸರದ ಮೋಡಿಯಲ್ಲಿ ಎತ್ವ, ಗುಡಿಸು ಎಲ್ಲ ಅರ್ಧಕ್ಕೇ ಉಳಿಯುತ್ತವೆ. ಒಕ್ಕಲುತನದ ಮಾವ ಓದಿದ್ದು, "ನಮ್ಮಲ್ಲೇ ಹರಗಿ ಆಗ್ಲಿ, ಬಾ." ಎಂದರೆ, ಮೊದಲು ನಮ್ಮ ಹೊಲಕ್ಕೆ ಕುಂಟೆ ಹೊಡೆದು ಮುಗಿಯಲಿ, ಆಮೇಲೆ ಬಾ.

ಎಂಟು ತಿಂಗಳು ತುಂಬುತ್ತ ಬಂದರೂ ಮಗಳು ಬರಲಿಲ್ಲ. ಆಯಿ ಕಾಲು ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡಿದ್ದಳು, ಕರೆಯಲು ಆಯಿಯ ಗಂಡ ಹೋದ, ಒಬ್ಬನೇ ತಿರುಗಿ ಬಂದ. "ಅವ್ವಗ ನನಗಿಂತ ಹೊಲಾನ ಹೆಚ್ಚಾತು. ಆಕೀನ ಕರೀಲಿ, ಬರ್ತೇನಿ," ಎಂದಳಂತೆ ಮಗಳು. ಬೀಗರ ಮನೆಯಲ್ಲಿ ಕುಳಿತು, ಬೀಗರು ಓದಿದ್ದೇ ತಪ್ಪು ಎನ್ನಲು ಆ ಸಂಭಾವಿತನಿಗೆ ಬಾಯಿ ಬರಲಿಲ್ಲ. ಆಯಿ ಮೊದಲು ನಕ್ಕಳು. "ಬೀಗರ ತಲಿಯಾಗ ಬರೇ ಹೊಲ ಐತಿ," ಎಂದಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಾ ದುಂಡಗ ಬರದು ಕೊಡ್ತೇನ್ರಿ ಆಯಿ," ಎಂದೆ.

"ಬ್ಯಾಡ್ರಿ ಅಕ್ಕೋರ. ನಿಮ್ಮ ಕೈಲೆ ಬರದ್ರ ಅದು ನಿಮ್ಮ ಮಾತಾಗ್ತೈತಿ. ಆಕಿ ಮುನಿಸ್ಕೊಂಡಿದ್ದು ನನ್ನ ಮ್ಯಾಲೆ. ನನಗ ಕಲಸ್ರಿ."

ಹನ್ನೆರಡು ಸಂಜೆ ಕಲಿಸಿದೆ. ಒಂದು ಅಕ್ಷರ ಮುಗಿಯುವ ಮೊದಲೇ ಪೆನ್ನು ಮುಂದಿನದಕ್ಕೆ ಓಡುತ್ತಿತ್ತು, ನಾನು ಮಣಿಕಟ್ಟು ಹಿಡಿದು ಎತ್ತುತ್ತಿದ್ದೆ. "ಮಾತಾಡುವಾಗ ಅಕ್ಷರಕ್ಕೊಮ್ಮೆ ನಿಂದರ್ತೀರೇನ್ರಿ? ಮತ್ತ ಬರಿಯುವಾಗ ಯಾಕ ನಿಂದರಬೇಕು?" ಎಂದು ಆಯಿ ಒಮ್ಮೆ ಕೇಳಿದಳು. ನಾನು ಮತ್ತೆ ಆಕೆಯ ಮಣಿಕಟ್ಟು ಎತ್ತಿದೆ. ಅಷ್ಟು ವೇಗದ ಕೈ ಮಗಳಿಗಾಗಿ ಒಂದನೆಯ ಇಯತ್ತೆಯ ಮಕ್ಕಳ ಹಾಗೆ ನಿಂತು ನಿಂತು ನಡೆಯಲು ಒಪ್ಪಿತಲ್ಲ, ಅದನ್ನು ಈಗಲೂ ಮರೆತಿಲ್ಲ. ಹದಿಮೂರನೆಯ ದಿನ ಕಾರ್ಡು ಹೋಯಿತು. ಅಕ್ಷರಗಳು ಸೊಟ್ಟಗಿದ್ದವು, ಹೆರಿಗಿಯ ಎತ್ವ, ಗುಡಿಸು ಮಾತ್ರ ದಪ್ಪಗೆ ಎದ್ದು ಕಾಣುತ್ತಿದ್ದವು.

ಕಾರ್ಡು ಹೋದ ಐದನೆಯ ದಿನ ತನ್ನ ಗಂಡನನ್ನು ಕರೆದುಕೊಂಡು ಮಗಳು ಬಂದಳು. ಅಳುತ್ತಲೇ ಹೊಸ್ತಿಲು ದಾಟಿದಳು. ಕಾರ್ಡನ್ನು ಈ ಸಲ ತಾನೇ ಓದಿದ್ದಳು, ಆದರೆ ಒಳಗಿನ ಮಾತಿಗಿಂತ ಅಕ್ಷರ ನೋಡಿಯೇ ಹೆದರಿದ್ದಳು. "ಇದು ನಿನ್ನ ಅಕ್ಷರ ಅಲ್ಲಬೇ. ನಿನಗ ಏನರ ಆಗೇತಿ, ಯಾರೋ ಬರದಾರ ಅನ್ಕೊಂಡ್ನಿ," ಎಂದಳು.

"ಇದ್ದೇನಿ ತಗೋ. ಕುಂದ್ರು, ನೀರ ಕುಡಿ," ಎಂದಳು ಆಯಿ.

ಹೆಣ್ಣು ಮಗು ಹುಟ್ಟಿತು. ಬಾಣಂತನದ ಗದ್ದಲದ ನಡುವೆಯೇ ಆಯಿ ಒಮ್ಮೆ ನನ್ನನ್ನು ಕರೆದು, "ಇನ್ನ ನೀವು ನಂದು ಕಲೀರಿ, ಅಕ್ಕೋರ," ಎಂದಳು. ಶಾಲೆಗೆ ಸೂಟಿ ಬರಲಿ ಎಂದೆ. ಸೂಟಿಗಳು ಬಂದವು, ಹೋದವು... ಆ ಊರಿಗೆ ಬಂದ ಮೂರು ವರ್ಷಕ್ಕೆ ನನಗೆ ಬಬಲೇಶ್ವರದ ಕಡೆ ವರ್ಗವಾಯಿತು. ಅಲ್ಲಿಗೂ ಆಯಿಯ ಕಾರ್ಡುಗಳು ಬರುತ್ತಿದ್ದವು. ನನಗೆ ಮೋಡಿ ಬಾರದೆಂದು, ಪ್ರತಿಯೊಂದನ್ನೂ ದುಂಡಗೆ, ಬಿಡಿಬಿಡಿಯಾಗಿ ಬರೆದಿರುತ್ತಿದ್ದಳು. ನಾನು ಅದನ್ನು ನನ್ನ ಪಾಠದ ಫಲ ಎಂದು ತಿಳಿದು ಬೀಗುತ್ತಿದ್ದೆ.

ಆಯಿ ಹೋಗಿ ಎಷ್ಟೋ ವರ್ಷವಾಯಿತು. ಅಂಗಡಿಯಿಂದ ಬಂದ ಸಂಜೆ ಮನಸ್ಸು ತಡೆಯದೆ ಆ ಮಗಳಿಗೆ ಫೋನು ಮಾಡಿದೆ. ಬಹಳ ಹೊತ್ತು ಮಾತಾಡಿದೆವು. ಆಮೇಲೆ ಆಕೆ ಒಂದು ಹಾಳೆಯ ಫೋಟೊ ಕಳಿಸಿದಳು. ಅವ್ವ ಕೊನೆಯ ದಿನಗಳಲ್ಲಿ ಬರೆದು ದಿಂಬಿನ ಕೆಳಗೆ ಇಟ್ಟಿದ್ದಂತೆ. ಮೇಲಿನಿಂದ ಕೆಳಗಿನವರೆಗೆ ಮೋಡಿ. ಮಾವ ತೀರಿಕೊಂಡ ಮೇಲೆ ಓದುವವರು ಯಾರೂ ಸಿಕ್ಕಿರಲಿಲ್ಲ.

"ನೀವು ಮೂರು ವರ್ಷ ಬಾಜೂಕ ಇದ್ದವರು. ನಿಮಗರ ಬರ್ತಿರಬೇಕಲ್ರಿ, ಅಕ್ಕೋರ?" ಎಂದು ಕೇಳಿದಳು.

ಬರುವುದಿಲ್ಲ ಎಂದು ಹೇಳಿದೆ.