ಅದು ಹುಡುಗಿ ಮಾತು

ಆ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೆಯದು ಕಪ್ಪು-ಬಿಳುಪಿನದು, ನನಗಾಗ ಆರೇಳು ವರ್ಷ. ಎರಡನೆಯದು ಅದೇ ಕತೆಯನ್ನು ಬೇರೆಯವರು ಬಣ್ಣದಲ್ಲಿ ಮತ್ತೆ ತೆಗೆದದ್ದು. ಅಷ್ಟು ಹೊತ್ತಿಗೆ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಎರಡೂ ಸಲ ನರಸಿಂಹರಾಜಪುರದ ಟೆಂಟಿನಲ್ಲೇ, ಹೆಂಗಸರ ಕಡೆಯ ಬೆಂಚಿನಲ್ಲಿ, ಅಮ್ಮನ ಪಕ್ಕ.

ಮೊದಲನೆಯದರ ಹುಡುಗಿ ಎಂಥಾ ಹುಡುಗಿ ಅಂತೀರಿ! ಹದಿನಾರು ಅಂದರೆ ಹದಿನಾರೇ. ಬೆರಳಿಗೆಲ್ಲ ಶಾಯಿ, ಎಣ್ಣೆ ಹಾಕಿ ಹೆಣೆದ ಎರಡು ಜಡೆ, ಅಣ್ಣನ ಜೊತೆ ದಿನಾ ಜಗಳ. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಿದ್ದಳು. ಓದು ಬಿಡಿಸಿ ಮದುವೆ ಮಾಡಲು ಹೊರಟ ಅಪ್ಪನೆದುರು ನಿಂತು, "ನಾನು ಪರೀಕ್ಷೆ ಬರೀತೀನಪ್ಪಾ" ಅಂದಳು. ಅಷ್ಟೇ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅಮ್ಮ ಆ ಮಾತನ್ನು ದೋಸೆ ಹುಯ್ಯುವಾಗ, ಬಟ್ಟೆ ಒಗೆಯುವಾಗ ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದಳು. ಆ ಹುಡುಗಿಯೆಂದರೆ ನನಗೆ ಇವತ್ತಿಗೂ ಪ್ರಾಣ.

ಬಣ್ಣದವಳು ಸೈಕಲ್ ಚೆನ್ನಾಗಿ ಹೊಡೆಯುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಇಪ್ಪತ್ತೈದು ದಾಟಿದ ಹೆಂಗಸಿಗೆ ರಿಬ್ಬನ್ ಕಟ್ಟಿ, ತುಂಡು ಫ್ರಾಕ್ ತೊಡಿಸಿ, ಹದಿನಾರು ಅಂತ ನಮ್ಮ ಕಿವಿಗೆ ಹೂವಿಡುವುದೇ? ಕ್ಯಾಮರಾಕ್ಕೆ ಅವಳ ಮುಖವೊಂದು ಬಿಟ್ಟು ಉಳಿದದ್ದೆಲ್ಲ ಬೇಕಿತ್ತು. ಮದುವೆಯ ಮಾತು ಬಂದಾಗ ಅವಳು ಕಂಬದ ಹಿಂದೆ ನಿಂತು ಮುಸುಮುಸು ಅತ್ತಳು. ಹೀರೋ ಬಂದು ಎದೆ ಸೆಟೆಸಿ, "ಅವಳು ಪರೀಕ್ಷೆ ಬರೀತಾಳೆ!" ಅಂದ. ಗಂಡಸರ ಕಡೆಯಿಂದ ಶಿಳ್ಳೆಯೋ ಶಿಳ್ಳೆ.

ಅಮ್ಮ ಎದ್ದು ನಿಂತೇಬಿಟ್ಟಳು. "ಏಯ್, ಅದು ಹುಡುಗಿ ಮಾತು ಮಾರಾಯಾ! ನೀ ಎಂತಕ್ಕೆ ಹೇಳ್ತೀಯ?"

ಟೆಂಟಿಗೆ ಟೆಂಟೇ ನಕ್ಕಿತು. ನಾಚಿಕೆಯಿಂದ ನಾನು ಬೆಂಚಿನಡಿ ಸೇರುವುದೊಂದು ಬಾಕಿ.

ನನ್ನ ಓದಿನ ವಿಷಯವೂ ಆಗ ಇತ್ಯರ್ಥವಾಗಿರಲಿಲ್ಲ. ವಿಜ್ಞಾನ ಓದಬೇಕಾದರೆ ದಿನಾ ಬಸ್ಸಿನಲ್ಲಿ ಕೊಪ್ಪದ ಕಾಲೇಜಿಗೆ ಹೋಗಬೇಕು. ಟೈಲರ್ ಆಗಿದ್ದ ಅಪ್ಪನಿಗೋ, ನಾನು ಅಂಗಡಿಯಲ್ಲಿ ಶರಟುಗಳಿಗೆ ಗುಂಡಿ ಹೊಲಿದು, ಗುಂಡಿತೂತಿಗೆ ಕಾಜಾ ಹಾಕಿಕೊಂಡಿದ್ದರೆ ಸಾಕು. ಅವರೆದುರು ಬಾಯಿ ಬಿಡುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಶೃಂಗೇರಿಯಲ್ಲಿದ್ದ ಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ, ಕಾಗದ ಹಾಕಿ ಕರೆಸಿಕೊಂಡಿದ್ದೆ. ಮಾತಿನಮಲ್ಲ ಅವನು.

ಸಿನಿಮಾ ನೋಡಿದ ಮಾರನೇ ಬೆಳಿಗ್ಗೆ ಮಾವ ಕಾಫಿ ಲೋಟ ಕೆಳಗಿಟ್ಟು, "ಭಾವ, ಹುಡುಗಿ ಏನು ಹೇಳ್ತಾಳೆ ಅಂದ್ರೆ..." ಎಂದು ಶುರು ಮಾಡಿದ.

"ನೀನು ಸುಮ್ನಿರೋ," ಅಂದಳು ಅಮ್ಮ. "ಅವಳಿಗೆ ಬಾಯಿಲ್ವಾ?"

ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿನಿಮಾದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಅಪ್ಪಾ, ನಂಗೆ ಕಾಜಾ ಹಾಕೋದು ಇಷ್ಟ ಇಲ್ಲ. ಕೊಪ್ಪಕ್ಕೆ ಹೋಗಿ ಓದ್ತೀನಿ," ಅಂದೆ, ಅಳುತ್ತಲೇ.

ಅಪ್ಪ ನನ್ನ ಕಡೆ ತಿರುಗಿದರು. "ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

"ಆಯ್ತು. ನಾಳೆ ಹೋಗಿ ಅರ್ಜಿ ತರಾಣ," ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

ನಾನು ಅಮ್ಮನನ್ನು ತಬ್ಬಿಕೊಳ್ಳಲು ಒಳಗೆ ಓಡಿದೆ. ಅವಳು ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಮ್ಮಪ್ಪನೂ ಇಷ್ಟಕ್ಕೇ ಒಪ್ತಿದ್ರೋ ಏನೋ ಮಾರಾಯ್ತಿ," ಅಂದಳು. "ನಾನು ಬಾಯೇ ಬಿಡ್ಲಿಲ್ಲ."