ಅತ್ತೆಯನ್ನು ಕಂಡರೆ ಕೆಂಪಾಗುವ ಯಂತ್ರ

ಇವಾತ್ಸುಕಿ ಊರಿನ ಬೊಂಬೆ ಬೀದಿಯಲ್ಲಿ ಚಿಜುರು ಎಂದರೆ ಹುಬ್ಬು ಬರೆಯುವವಳು. ಇಪ್ಪತ್ತೆರಡನೇ ವಯಸ್ಸಿಗೆ ಚೋಶಿಯ ಕಡಲ ದಡದಿಂದ ಸೊಸೆಯಾಗಿ ಬಂದಳು. ಹತ್ತೊಂಬತ್ತು ವರ್ಷ ಬೊಂಬೆಯ ತಲೆಗೆ ಕೂದಲು ಅಂಟಿಸಿದಳು. ಕೂದಲು ಅಂಟಿಸುವವರು ಬೀದಿ ತುಂಬ ಇದ್ದಾರೆ. ಹುಬ್ಬಿನ ಕುಂಚ ಮಾತ್ರ ಎಲ್ಲರ ಕೈಗೂ ಬರುವುದಿಲ್ಲ. ಅವಳ ಕೈಗೆ ಅದು ಬಂದಾಗ ಮಾವ ಬದುಕಿದ್ದರು, ಶುಭ ಸಮಾರಂಭಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಮಾಡಿಸಿ ಬೀದಿಗೆಲ್ಲ ಹಂಚಿದ್ದರು.

ಹುಬ್ಬೆಂದರೆ ಒಂದು ಗೆರೆ ಎಳೆದು ಕೈ ತೊಳೆದುಕೊಳ್ಳುವ ಕೆಲಸವಲ್ಲ. ಚಿಪ್ಪಿನ ಸುಣ್ಣ ಏಳೆಂಟು ಸಲ ಬಳಿದ ಬಿಳಿ ಮುಖದ ಮೇಲೆ ರೋಮ ರೋಮವಾಗಿ ಬರೆಯಬೇಕು. ಕುಂಚ ಮುಖಕ್ಕೆ ತಾಗಿದಾಗ ಉಸಿರು ಹಿಡಿಯಬೇಕು, ಎತ್ತಿದ ಮೇಲೆ ಬಿಡಬೇಕು. ನಡುವೆ ಒಂದು ಸೀನು ಬಂದರೆ ಮುಗಿಯಿತು. ಪೂರಾ ಮುಖವನ್ನು ಕೆರೆದು ಮತ್ತೆ ಸುಣ್ಣ ಬಳಿಯಬೇಕು.

ಆ ಸೀನೇ ಈಗ ಅವಳ ಶತ್ರುವಾಗಿತ್ತು. ಎಂಟು ವರ್ಷದಿಂದ ಚಳಿ ಮುಗಿಯುವ ಹೊತ್ತಿಗೆ, ಬೆಟ್ಟದ ಕಡೆಯ ಸುಗಿ ಮರಗಳು ಹಳದಿ ಪುಡಿ ಉದುರಿಸಲು ಶುರು ಮಾಡಿದರೆ ಸಾಕು, ಅವಳ ಮೂಗು ಚಿಲುಮೆಯಾಗುತ್ತಿತ್ತು. ಊರಲ್ಲಿ ಅರ್ಧ ಜನಕ್ಕೆ ಈ ಅಲರ್ಜಿ ಇದೆ. ಎಲ್ಲರೂ ಮುಖಗವಸು ಹಾಕಿಕೊಂಡು ಓಡಾಡುತ್ತಾರೆ. ಇವಳು ಗವಸು ಹಾಕಿ ಕೆಲಸಕ್ಕೆ ಕೂತರೆ ಉಸಿರು ಮೇಲೇರಿ ಕನ್ನಡಕ ಮಸುಕಾಗುತ್ತದೆ. ಗುಳಿಗೆ ನುಂಗಿದರೆ ಕುಂಚ ಹಿಡಿದೇ ತೂಕಡಿಸುತ್ತಾಳೆ.

"ಒಂದು ಸೀನು ಬಂದ್ರೆ ಯಾರೋ ಹೊಗಳ್ತಿದ್ದಾರೆ ಅಂತ, ಎರಡು ಬಂದ್ರೆ ಬಯ್ತಿದ್ದಾರೆ ಅಂತ," ಎಂದು ಅತ್ತೆ ಮಸುಎ ಅಡುಗೆಮನೆಯಿಂದ ಎಣಿಸುತ್ತಿದ್ದಳು. "ನಿಂದು ಈಗ ಹದಿನಾಲ್ಕಾಯ್ತು ಕಣೇ. ಊರಿಗೆ ಊರೇ ನಿನ್ನ ಮಾತಾಡ್ತಿದೆ!"

ಮಸುಎಗೆ ಎಂಬತ್ತೊಂದು. ಅವಳ ಮೂಗಿಗೆ ಯಾವ ಮರವೂ ತಾಗಿರಲಿಲ್ಲ. ಬಿಸಿಲು ಬಿದ್ದ ಬೆಳಿಗ್ಗೆ ಮನೆಯ ಹಾಸಿಗೆಗಳನ್ನೆಲ್ಲ ಹೊತ್ತು ಜಗಲಿಯ ಕಂಬಿಯ ಮೇಲೆ ಹಾಕಿ, ಬೆತ್ತದ ಬಡಿಗೆಯಿಂದ ಪಟಪಟ ಬಡಿದು, ಮೂರು ಗಂಟೆಗೆ ಬೆಚ್ಚಗೆ ಮಡಚಿ ಒಳಗೆ ತರುವುದು ಅವಳ ಕೆಲಸ. ಅದನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಆ ವರ್ಷ ಐದನೇ ತಿಂಗಳ ಗಂಡುಮಕ್ಕಳ ಹಬ್ಬಕ್ಕೆ ಮೂವತ್ತು ಯೋಧ ಬೊಂಬೆಗಳ ತಲೆ ಬಂದಿದ್ದವು. ಮೊದಲ ವಾರದಲ್ಲೇ ಮೂರು ಕೆಟ್ಟವು. ಒಬ್ಬ ಯೋಧನ ಹುಬ್ಬು ಕಿವಿಯವರೆಗೂ ಹೋಗಿತ್ತು. ಕಾರ್ಖಾನೆಯ ಯಜಮಾನ ಹೊಸೊಯ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಬಲು ಮೆತ್ತಗೆ ಹೇಳಿದರು:

"ಚಿಜುರು ಅವರೇ, ನಿಮಗೂ ಸುಸ್ತಾಗಿದೆ. ತಿಂಗಳ ಕೊನೆಯೊಳಗೆ ಇವು ಆಗಲಿಲ್ಲ ಅಂದ್ರೆ ಹುಬ್ಬನ್ನ ಆಚೆ ಬೀದಿ ಹುಡುಗಿಗೆ ಕೊಡ್ತೀನಿ. ನೀವು ಆರಾಮಾಗಿ ಕೂದಲು ಅಂಟಿಸ್ಕೊಂಡಿರಿ."

ಬೈದಿದ್ದರೆ ಮರೆತುಬಿಡಬಹುದಿತ್ತು. ಮೆತ್ತಗೆ ಹೇಳಿದ್ದು ಎದೆಗೆ ನಾಟಿತು. ಕೈಗೆ ಬಂದ ಕುಂಚವನ್ನು ಬಿಟ್ಟು ಮತ್ತೆ ಕೂದಲಿಗೆ ಹೋಗುವುದೆಂದರೆ ಆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ?

ಗಂಡ ಎಯ್ಕಿಚಿ ಬಸ್ಸಿನ ಚಾಲಕ, ಮಾತು ಕಡಿಮೆ. ಮಾರನೆಯ ದಿನ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಗಾಳಿ ಶುದ್ಧ ಮಾಡುವ ಯಂತ್ರ. ಅನ್ನದ ಡಬ್ಬಿಯಂತೆ ಬೆಳ್ಳಗೆ, ಮೊಣಕಾಲೆತ್ತರಕ್ಕಿತ್ತು. ಹಣೆಯಲ್ಲಿ ಒಂದು ಪುಟ್ಟ ದೀಪ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಕೆಂಪಾದಾಗ ಗುರ್ ಎಂದು ಜೋರಾಗಿ ಎಳೆಯುತ್ತಿತ್ತು. ಕೆಲಸದ ಕೋಣೆಯ ಬಾಗಿಲೆಳೆದು ಅದನ್ನು ಹಾಕಿ ಕೂತ ಚಿಜುರು ಮೊದಲ ದಿನವೇ ಎರಡು ಜೊತೆ ಹುಬ್ಬು ಬರೆದಳು. ಬಂದದ್ದು ಒಂದೇ ಸೀನು, ಅದೂ ಕುಂಚ ತೊಳೆಯುವಾಗ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಟೀ ಹಿಡಿದು ಒಳಗೆ ಬಂದಳು. ಹಸಿರು ದೀಪ ಹಳದಿಯಾಯಿತು, ಕೆಂಪಾಯಿತು, ಯಂತ್ರ ಗುರ್ ಎಂದಿತು.

"ಏನೇ ಇದು? ನನ್ನ ಕಂಡ್ರೆ ಕೆಂಗಣ್ಣು ಬಿಡ್ತಿದೆ!"

"ಇಲ್ಲ ಅತ್ತೆ, ಅದಕ್ಕೆ... ಟೀ ಹಬೆ ಆಗಲ್ಲ."

ಮಾರನೆಯ ದಿನ ಮಸುಎ ತಣ್ಣಗಿನ ಟೀ ತಂದಳು. ಮತ್ತೆ ಕೆಂಪು, ಮತ್ತೆ ಗುರ್. ಅದರ ಮಾರನೆಯ ದಿನ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತಳು. ಕೆಂಪು.

"ದಿನಾ ಸ್ನಾನ ಮಾಡ್ತೀನಮ್ಮ ನಾನು," ಎಂದಳು ಮಸುಎ.

ಚಿಜುರುವಿಗೆ ನಿಜ ಗೊತ್ತಿತ್ತು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿತ್ತು: ಉಣ್ಣೆ ಬಟ್ಟೆಗೆ, ಹೊರಗೆ ಒಣಹಾಕಿದ ಹಾಸಿಗೆಗೆ ಮರದ ಪುಡಿ ಅಂಟಿ ಒಳಗೆ ಬರುತ್ತದೆ. ಆದರೆ ಮೂವತ್ತು ವರ್ಷ ಬೆನ್ನು ಬಗ್ಗಿಸಿ ತನ್ನ ಹಾಸಿಗೆಯನ್ನು ಬಿಸಿಲಲ್ಲಿ ಕಾಯಿಸಿದ ಅತ್ತೆಗೆ, ನಿಮ್ಮಿಂದಲೇ ನನಗೆ ಸೀನು ಎಂದು ಯಾವ ಬಾಯಲ್ಲಿ ಹೇಳುವುದು? ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ಅತ್ತೆಯ ಹೆಜ್ಜೆ ಸದ್ದು ಕೇಳಿದ ಕೂಡಲೇ ಕಾಲಿನ ಹೆಬ್ಬೆರಳಿನಿಂದ ಗುಂಡಿ ಒತ್ತಿ ಯಂತ್ರ ಆರಿಸಿಬಿಡುತ್ತಿದ್ದಳು. ಮಸುಎ ಬಂದು ಕೂತು, ಆ ಮನೆ ಈ ಮನೆ ಸುದ್ದಿ ಹೇಳಿ, ಒಂದು ಗಂಟೆ ಇದ್ದು ಹೋಗುತ್ತಿದ್ದಳು. ಅವಳು ಎದ್ದುಹೋದ ಮೇಲೆ ಸೀನಿನ ಸುರಿಮಳೆ.

ನಾಲ್ಕನೆಯ ಮುಖವೂ ಕೆಟ್ಟಿತು. ತಿಂಗಳು ಮುಗಿಯಲು ಹದಿಮೂರು ದಿನ, ಉಳಿದಿದ್ದು ಹದಿನೆಂಟು ತಲೆ.

ಆ ಶುಕ್ರವಾರ ಅವಳು ಕಣ್ಣಿಗೆ ಹಾಕುವ ಹನಿ ತರಲು ಔಷಧಿ ಅಂಗಡಿಗೆ ಹೋಗಿ ಬಂದಾಗ ಕೆಲಸದ ಕೋಣೆಯಿಂದ ಗುರ್ ಗುರ್ ಸದ್ದು ಕೇಳುತ್ತಿತ್ತು. ಓಡಿಹೋಗಿ ಬಾಗಿಲೆಳೆದರೆ, ಮಸುಎ ಒಳಅಂಗಿಯಲ್ಲಿ ನಡುಗುತ್ತ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದಾಳೆ. ಸುತ್ತ ಬಟ್ಟೆಯ ರಾಶಿ.

"ಅಯ್ಯೋ ಅತ್ತೆ! ಶೀತ ಆಗತ್ತೆ, ಏನ್ ಮಾಡ್ತಿದ್ದೀರಿ?"

"ಸುಮ್ನಿರು. ಇದನ್ನ ವಿಚಾರಿಸ್ಕೊಳ್ತಿದ್ದೀನಿ." ಮಸುಎ ರೇಷ್ಮೆ ಚೌಕವನ್ನು ಯಂತ್ರದ ಮುಂದೆ ಹಿಡಿದಳು; ದೀಪ ಹಸಿರಾಗಿಯೇ ಇತ್ತು. ತನ್ನ ಕೈ ಚಾಚಿದಳು; ಹಸಿರು. ತನ್ನ ಕಂದು ಉಣ್ಣೆಯ ಸ್ವೆಟರ್ ಎತ್ತಿ ಕೊಡವಿದಳು. ಯಂತ್ರ ಗುರ್ ಎಂದಿತು. "ನೋಡ್ದ್ಯಾ? ಇದು ನನ್ನ ಮೇಲೆ ಬೊಗಳ್ತಿರಲಿಲ್ಲ. ಸ್ವೆಟರ್ ಮೇಲೆ ಬೊಗಳ್ತಿತ್ತು."

ಚಿಜುರು ಉಸಿರು ಬಿಟ್ಟಳು. ಮಸುಎ ಮಾತ್ರ ಅಷ್ಟಕ್ಕೆ ನಿಲ್ಲಿಸಲಿಲ್ಲ. ಆಗತಾನೆ ಬಿಸಿಲಿನಿಂದ ತಂದ ಸೊಸೆಯ ಹಾಸಿಗೆಯನ್ನು ಎಳೆದು ಯಂತ್ರದ ಮುಂದೆ ಒಂದು ಸಲ ತಟ್ಟಿದಳು. ದೀಪ ಕೆಂಡದಂತೆ ಕೆಂಪಾಯಿತು. ಯಂತ್ರ ಎಷ್ಟು ಹೊತ್ತಾದರೂ ಸುಮ್ಮನಾಗಲಿಲ್ಲ.

ಮುದುಕಿ ಹಾಸಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಎಂಟು ವರ್ಷದಿಂದ ನಾನೇ ಇದನ್ನ ನಿನ್ನ ಮೈಕೆಳಗೆ ಹಾಸ್ತಿದ್ದೀನಿ, ಅಲ್ವೇನೇ?"

"ಬಿಸಿಲಿನ ವಾಸನೆ ಬರೋ ಹಾಸಿಗೆ ಅತ್ತೆ. ನಮ್ಮಮ್ಮನೂ ಹಾಗೆ ಹಾಸಿಕೊಟ್ಟಿರಲಿಲ್ಲ."

"ಗೊತ್ತಿತ್ತಾ ನಿಂಗೆ?"

ಚಿಜುರು ತಲೆ ತಗ್ಗಿಸಿದಳು.

"ಬಾಯಿಗೇನು ಬೀಗ ಹಾಕಿತ್ತಾ? ಕಾಲಲ್ಲಿ ಗುಂಡಿ ಒತ್ತೋದಕ್ಕೆ ಮಾತ್ರ ಬರತ್ತೆ! ನಂಗೆ ಕಾಣಲ್ಲ ಅಂದ್ಕೊಂಡಿದ್ಯಾ? ಆರಿಸಿದ ಮೇಲೂ ಅದು ಒಂದು ಗಳಿಗೆ ಉಸ್ಸಂತಿರತ್ತೆ ಕಣೇ, ನನ್ನ ಕಿವಿ ಇನ್ನೂ ಗಟ್ಟಿಯಿದೆ. ಅತ್ತೆಗೆ ಬೇಜಾರಾಗತ್ತೆ ಅಂತ ಕುಂಚನೇ ಕಳ್ಕೊಳ್ತಿದ್ದೆಯಲ್ಲ, ನಿನ್ನ ಮಾವ ಇದ್ದಿದ್ರೆ ಇಬ್ಬರಿಗೂ ಬಯ್ತಿದ್ರು."

ಬೈದು ಮುಗಿಸಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಳಅಂಗಿಯ ಅತ್ತೆ, ಮೂಗು ಕೆಂಪಾದ ಸೊಸೆ. ಮೊದಲು ನಕ್ಕಿದ್ದು ಯಾರೋ, ನಗು ನಿಲ್ಲಿಸಲು ಇಬ್ಬರಿಂದಲೂ ಆಗಲಿಲ್ಲ.

ಮಾರನೆಯ ದಿನದಿಂದ ಮನೆಯ ಕಾನೂನೇ ಬದಲಾಯಿತು. ಹಾಸಿಗೆಗಳು ಹೊರಗೆ ಹೋಗಲಿಲ್ಲ. ದಕ್ಷಿಣದ ಗಾಜಿನ ಬಾಗಿಲಿನ ಒಳಗಡೆ ಕುರ್ಚಿಗಳ ಮೇಲೆ ಹರಡಿದವು. "ಗಾಜಿನೊಳಗಿನ ಬಿಸಿಲೂ ಬಿಸಿಲೇ, ವಾಸನೆ ಮಾತ್ರ ಸ್ವಲ್ಪ ಸಪ್ಪೆ," ಎಂದು ಮಸುಎ ಒಪ್ಪಿಕೊಂಡಳು. ಉಣ್ಣೆ ಸ್ವೆಟರ್ ಪೆಟ್ಟಿಗೆ ಸೇರಿತು, ನುಣುಪಾದ ಮಳೆಯಂಗಿ ಮೈಮೇಲೆ ಬಂತು. ಹೊಸ್ತಿಲ ಪಕ್ಕ ಬಟ್ಟೆಯ ಧೂಳು ಉಜ್ಜುವ ಒಂದು ಬ್ರಷ್ ತೂಗುಹಾಕಿದಳು. ಎಯ್ಕಿಚಿ ಕೆಲಸದಿಂದ ಬಂದರೆ, ಎಂಬತ್ತೊಂದರ ತಾಯಿ ಐವತ್ತೆಂಟರ ಮಗನನ್ನು ಹಿಂದೆ ಮುಂದೆ ತಿರುಗಿಸಿ, ಎಮ್ಮೆ ಮೈ ಉಜ್ಜುವಂತೆ ಉಜ್ಜಿ ಒಳಗೆ ಬಿಡುತ್ತಿದ್ದಳು. ಮಧ್ಯಾಹ್ನ ಒಣಮೀನು ಸುಡುವುದೂ ನಿಂತಿತು. ಮಾವನ ಪಟದ ಮುಂದಿನ ಊದುಬತ್ತಿ ಒಂದೇ ಉಳಿಯಿತು. ಅದಕ್ಕೆ ಯಂತ್ರ ಕೆಂಪಾದರೆ, "ಅವರು ಬಂದ್ರು ನೋಡು," ಎನ್ನುತ್ತಿದ್ದಳು ಮಸುಎ.

ಸೀನು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದಾಗ ಎರಡು, ಅಂಗಡಿಗೆ ಹೋಗಿ ಬಂದರೆ ನಾಲ್ಕು ಇದ್ದೇ ಇದ್ದವು. ಆದರೆ ಕುಂಚ ಮುಖಕ್ಕೆ ತಾಗಿದಾಗ ಕೋಣೆ ಹಸಿರಾಗಿರುತ್ತಿತ್ತು, ಮೂಗು ಸುಮ್ಮನಿರುತ್ತಿತ್ತು. ದಿನಕ್ಕೆರಡು ತಲೆ, ಒಂದೊಂದು ದಿನ ಮೂರು.

ತಿಂಗಳ ಕೊನೆಯ ದಿನ ಯಜಮಾನ ಹೊಸೊಯ ದಪ್ಪ ಉಣ್ಣೆ ಕೋಟು ತೊಟ್ಟು ಬಂದರು. ಕೈಯಲ್ಲಿ ಬೀಗ ಹಾಕಿದ ಮರದ ಪೆಟ್ಟಿಗೆಯಿತ್ತು. ಮಸುಎ ಹೊಸ್ತಿಲಿಗೆ ಅಡ್ಡ ನಿಂತಳು.

"ಯಜಮಾನ್ರೇ, ಕೋಟು ಅಲ್ಲೇ ಬಿಡಿ. ಈಗ ಆ ಕಡೆ ತಿರುಗಿ."

"ಅಮ್ಮಾ, ಚಳಿ ಇದೆ..."

"ಚಳಿಗೆ ಟೀ ಕೊಡ್ತೀನಿ. ತಿರುಗಿ."

ನಲವತ್ತು ಜನಕ್ಕೆ ಕೆಲಸ ಕೊಡುವ ಯಜಮಾನರು ಕಾಲುಚೀಲದಲ್ಲಿ ನಿಂತು ಬೆನ್ನು ಕೊಟ್ಟರು. ಒಳಗೆ ಬಂದಾಗ ದೀಪ ಹಳದಿಯಾಯಿತು. ಅದು ಹಸಿರಿಗೆ ತಿರುಗುವವರೆಗೂ ಅವರಿಗೆ ಕೂರಲು ಜಾಗ ಸಿಗಲಿಲ್ಲ. ಮೂವತ್ತು ಯೋಧರು ಸಾಲಾಗಿ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಹೊಸೊಯ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ತಾವು ತಂದ ಪೆಟ್ಟಿಗೆಯ ಬೀಗ ತೆಗೆದು ಚಿಜುರುವಿನ ಮುಂದೆ ಸರಿಸಿದರು. ಒಳಗೆ ಬರುವ ವರ್ಷದ ಹೆಣ್ಣುಮಕ್ಕಳ ಹಬ್ಬದ ರಾಣಿ ಬೊಂಬೆಗಳ ತಲೆಗಳಿದ್ದವು. ಬೀದಿಯಲ್ಲಿ ಅತಿ ಸೂಕ್ಷ್ಮದ ಹುಬ್ಬು ಅವುಗಳದ್ದೇ.

ಚಿಜುರು ಚಾಪೆಗೆ ಹಣೆ ಮುಟ್ಟಿಸಿ ಬಾಗಿದಳು. ಏಳುವಾಗ ಕಣ್ಣು ಒದ್ದೆಯಾಗಿತ್ತು. ಅದು ಸುಗಿ ಮರದ್ದಲ್ಲ.

ಯಜಮಾನರು ಹೋದ ಮೇಲೆ ಮಸುಎ ಬಾಗಿಲು ಹಾಕಿ ಬರುವಷ್ಟರಲ್ಲಿ ಅವಳಿಗೇ ಒಂದು ಸೀನು ಬಂತು, ಮನೆ ಅದುರುವಂಥದ್ದು. ಎಂಬತ್ತೊಂದು ವರ್ಷದಲ್ಲಿ ಸುಗಿ ಮರ ಅವಳಿಗೆ ತರಿಸಿದ ಮೊದಲನೆಯ ಸೀನು.

"ಒಂದೇ ಬಂತು ಅತ್ತೆ," ಎಂದಳು ಚಿಜುರು. "ಯಜಮಾನ್ರು ದಾರೀಲಿ ನಿಮ್ಮನ್ನ ಹೊಗಳ್ತಾ ಹೋಗ್ತಿದ್ದಾರೆ."

"ಹೊಗಳೋದಿದ್ರೆ ಕೋಟು ಕೊಡವಿ ಹೊಗಳ್ಲಿ," ಎಂದ ಮಸುಎ, ಯಾರೂ ನೋಡುತ್ತಿಲ್ಲವೆಂದುಕೊಂಡು, ಯಂತ್ರವನ್ನು ತನ್ನ ಕಡೆಗೆ ಒಂದು ಗೇಣು ತಿರುಗಿಸಿಕೊಂಡಳು.