ಗುತ್ತಿಗೆ ಅತ್ತಿಗೆಯೂ ಆಸ್ಪತ್ರೆಯ ಬಟ್ಟೆಯೂ

ಆಡಿದ ಮಾತಿಗೆ ತಪ್ಪದವಳು; ಬೇಡುವವರ ಮುಖ ಬಾಡುವ ಮೊದಲೇ ಬಾಗಿಲು ತೆರೆಯುವವಳು; ಸಿರಿವಂತರೆದುರು ಕುಗ್ಗದವಳು, ಬಡವರೆದುರು ಹಿಗ್ಗದವಳು; ಕೋಪ ಬಂದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುವವಳು; ಕೆಲಸವಿಲ್ಲದ ಕೈಯನ್ನು ಕಂಡರೆ ತನ್ನ ಕೈಯೇ ನೊಂದಂತೆ ಮರುಗುವವಳು. ಇಂಥವಳೊಬ್ಬಳು ಗಂಡನ ಟಯರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕಚೇರಿ ಮಾಡಿಕೊಂಡು, ಆ ನೆಲದಲ್ಲಿ ಎಲ್ಲರಿಗಿಂತ ಮೊದಲು ನೆಲೆಸಿದ ತನ್ನ ಮೂಲನಿವಾಸಿ ಜನಕ್ಕೆ ಉದ್ಯೋಗವನ್ನೂ ಗುತ್ತಿಗೆಗಳನ್ನೂ ದೊರಕಿಸಿಕೊಡುತ್ತಿದ್ದಳು. ಊರಿಗೆಲ್ಲ ಅವಳು ‘ಗುತ್ತಿಗೆ ಅತ್ತಿಗೆ’.

ಬೇಲಿ ಹಾಕುವವರಿಗೆ ರೈಲುದಾರಿಯನ್ನೂ ಬಣ್ಣ ಬಳಿಯುವವರಿಗೆ ಶಾಲೆಗಳ ಗೋಡೆಗಳನ್ನೂ ಕೊಡಿಸಿದ್ದ ಅವಳಿಗೆ, ಸ್ವಂತ ಮೈದುನನ ಲಾಂಡ್ರಿಯೊಂದೇ ಕಗ್ಗಂಟಾಗಿತ್ತು. ತನ್ನ ಕೈಕೆಲಸವನ್ನು ತಾನೇ ಹೊಗಳಿಕೊಳ್ಳುವುದು ಆ ಜನರಲ್ಲಿ ಬೆತ್ತಲಾಗಿ ಬೀದಿಗೆ ಬಂದಷ್ಟೇ ನಾಚಿಕೆಗೇಡು. ಹೋಟೆಲಿನ ಗುತ್ತಿಗೆ ಅವನ ಕೈತಪ್ಪಿದ್ದೂ ಅದರಿಂದಲೇ. ಈಗ ಆಸ್ಪತ್ರೆಯ ಸರದಿ. ಇದೂ ತಪ್ಪಿದರೆ ಬಾಯ್ಲರ್ ಆರಿಸಿ, ಅಲ್ಲಿ ದುಡಿಯುವ ನೆಂಟರೆಲ್ಲ ದೂರದ ಗಣಿಗಳಿಗೆ ಚದುರಬೇಕು. ಕೆಲವರು ಆಗಲೇ ಗಂಟುಮೂಟೆ ಕಟ್ಟಿಟ್ಟಿದ್ದರು.

“ಕೇಳಿದ್ರೆ ‘ಚೆನ್ನಾಗಿ ಒಗೀತೀವಿ’ ಅಂತ ಒಂದು ಮಾತು ಹೇಳಪ್ಪ. ನಾಲಿಗೆಯೇನೂ ಸವೆಯಲ್ಲ,” ಎಂದು ಅವಳು ಆಸ್ಪತ್ರೆಯ ಮೆಟ್ಟಿಲೇರುವಾಗಲೂ ಬೇಡಿಕೊಂಡಳು.

“ಆಗ್ಲಿ ಅತ್ತಿಗೆ,” ಎಂದ ಮೈದುನನ ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಹೊರಟವನಂತಿತ್ತು.

ಒಳಗೆ ಉದ್ದನೆಯ ಮೇಜಿನಾಚೆ ಅಧಿಕಾರಿಗಳ ನಡುವೆ ಕುಳಿತಿದ್ದ ಆಸ್ಪತ್ರೆಯ ಮೇಲ್ವಿಚಾರಕಿ ಕೇಳಿದಳು: “ನಿಮ್ಮ ಕೆಲಸ ಹೇಗೆ?”

“ಎಲ್ಲರ ಹಾಗೇನೇ ಅಮ್ಮ. ಕಲೆ ಹೋದ್ರೆ ಹೋಯ್ತು.”

“ಹಾಗಾದ್ರೆ ನಿಮಗೇ ಯಾಕೆ ಕೊಡ್ಬೇಕು?”

“ಅದನ್ನ ನಾನು ಹೇಗಮ್ಮ ಹೇಳ್ಲಿ?”

ಮೇಲ್ವಿಚಾರಕಿ ಪೆನ್ನು ಮುಚ್ಚಿದಳು. ಅತ್ತಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನೇ ಹೊಗಳೋಣವೆಂದರೆ ತಾನೂ ಅದೇ ಮನೆಯ ಸೊಸೆ; ಅದೂ ಸ್ವಂತ ಹೊಗಳಿಕೆಯೇ. ಆದರೆ ತೆಗಳುವುದಕ್ಕೆ ಯಾವ ಕಟ್ಟೂ ಇಲ್ಲವಲ್ಲ! ತಮ್ಮ ಜನರಲ್ಲಿ ಹೆಂಡತಿಯ ತಂಗಿಯಂತೂ ಭಾವನನ್ನು ಮನಸಾರೆ ಬೈಯಬಹುದು. ಬೈಯದಿದ್ದರೇ ಅವನಿಗೆ ಅವಮಾನ. ಅತ್ತಿಗೆ ಎದ್ದು ಕೈಮುಗಿದಳು.

“ಅಮ್ಮಾ, ಇವನ ವಿಷಯ ಇವನ ನಾದಿನೀನ ಕೇಳಿ. ಅವಳೂ ಲಾಂಡ್ರಿಯಲ್ಲೇ ದುಡಿಯೋದು. ಹೊರಗಿದ್ದಾಳೆ.”

ಮಾದರಿ ಬಟ್ಟೆಗಳ ಮೂಟೆಯ ಮೇಲೆ ಕುಳಿತಿದ್ದ ನಾದಿನಿ ಒಳಗೆ ಬಂದಳು. “ನಿಮ್ಮ ಭಾವ ಹೇಗೆ?” ಎಂದದ್ದೇ ತಡ, ಕಟ್ಟೆಯೊಡೆಯಿತು.

“ಅಯ್ಯೋ, ಆ ಪುಣ್ಯಾತ್ಮನ ಕಾಟ ಕೇಳ್ಬೇಡಿ! ಒಂದು ಹೊದಿಕೇಲಿ ಸಾಸಿವೆಯಷ್ಟು ಕಲೆ ಉಳಿದ್ರೆ ಇಡೀ ಮೂಟೆ ಮತ್ತೆ ಕುದಿಸ್ತಾನೆ. ಕೂಸಿನ ಬಟ್ಟೆಗೆ ಮೂಗು ಹಚ್ಚಿ, ಸೋಪಿನ ವಾಸನೆ ಇದೆ, ಜಾಲಿಸು ಅಂತಾನೆ. ಜಾಲಿಸಿ ಜಾಲಿಸಿ ನನ್ನ ಕೈ ನೋಡಿ! ನಮ್ಮಕ್ಕನ್ನ ಮದುವೆಯಾಗೋವಾಗ್ಲೂ ಇಷ್ಟು ಪರೀಕ್ಷೆ ಮಾಡ್ಲಿಲ್ಲ!”

ಮೇಜಿನ ಸುತ್ತ ನಗೆಯೆದ್ದಿತು. ಮೇಲ್ವಿಚಾರಕಿ ಮೂಟೆ ತರಿಸಿ, ಕೂಸಿನ ಹೊದಿಕೆಯೊಂದನ್ನು ತಾನೇ ಮೂಸಿ ನೋಡಿ, ಪೆನ್ನಿನ ಮುಚ್ಚಳ ತೆಗೆದಳು. “ಹೆರಿಗೆ ವಾರ್ಡಿನಿಂದ ಶುರು ಮಾಡಿ. ಸರಿಹೋದ್ರೆ ಪೂರ್ತಿ ಆಸ್ಪತ್ರೆ ನಿಮ್ಮದೇ.”

ಅಂಗಳಕ್ಕೆ ಬಂದ ಮೇಲೆ ಮೈದುನ ನಾದಿನಿಯ ಮೇಲೆ ಗುಡುಗಿದ: “ಅಷ್ಟು ಜನರೆದುರು ನನ್ನ ಮಾನ ಹರಾಜು ಹಾಕಿದೆಯಲ್ಲೇ!”

“ಹರಾಜು ಹಾಕಿದ್ದಕ್ಕೇ ಭಾವ, ಒಳ್ಳೆ ಬೆಲೆ ಬಂತು!”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಹೆರಿಗೆ ವಾರ್ಡು ಬೇಸಗೆ ಮುಗಿಯುವುದರೊಳಗೆ ಇಡೀ ಆಸ್ಪತ್ರೆಯಾಯಿತು. ಗಣಿಗೆ ಹೊರಟಿದ್ದವರು ಗಂಟು ಬಿಚ್ಚಿ ಇಸ್ತ್ರಿಯ ಮೇಜಿಗೆ ನಿಂತರು. ಈಗ ಆ ಲಾಂಡ್ರಿಯ ಹಗ್ಗಗಳ ಮೇಲೆ ಬಿಳಿಯ ಹೊದಿಕೆಗಳು ಗಾಳಿ ತುಂಬಿಕೊಂಡು ತೂಗುತ್ತವೆ. ಅವುಗಳ ನಡುವೆ ನೆಂಟರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಸುಖವಾಗಿ ದುಡಿಯುತ್ತಾರೆ.

ಹತ್ತು ಮನೆಗಳ ಒಲೆ ಉರಿಸಿದ ಆ ತಾಯಿಯ ಒಲೆ ಎಂದೆಂದಿಗೂ ಆರದಿರಲಿ. ಅವಳ ಗಂಡನ ತೋಳಿಗೆ ಬಲವಿರಲಿ, ಮಕ್ಕಳ ಬುದ್ಧಿಗೆ ಬೆಳಕಿರಲಿ, ಮೈದುನ ನಾದಿನಿಯರ ಜಗಳಕ್ಕೆ ದೀರ್ಘಾಯುಸ್ಸಿರಲಿ. ದುಡಿಯುವವರ ಬೆವರನ್ನು ಬಲ್ಲ ಪರಮಾತ್ಮನು ಆ ಮನೆತನವನ್ನು ತಲೆತಲಾಂತರಕ್ಕೂ ಕಾಯಲಿ.